ನೀಲಾಳ ಕೊಬ್ಬು

ನಮ್ಮ ಕಡೆ ಕೊಬ್ಬು ಎಂಬ ಮಾತನ್ನು ಯಾರೂ ಮೆಚ್ಚಿ ಆಡುವುದಿಲ್ಲ. ಹೇಳಿದ ಮಾತು ಕೇಳದ ಹುಡುಗಿಗೆ ಕೊಬ್ಬು, ಎದುರು ಮಾತಾಡುವ ಸೊಸೆಗೆ ಕೊಬ್ಬು. ವಾರಗಟ್ಟಲೆ ನಿದ್ದೆ ಬಿಟ್ಟು, ಹಾಡುತ್ತ ಓಣಿ ತುಂಬ ಓಡಾಡಿದ ನನ್ನ ತಂಗಿ ನೀಲಾಂಬಿಕೆಗಂತೂ ಕೊಬ್ಬೇ ಕೊಬ್ಬು. ಅದು ಕೊಬ್ಬಲ್ಲ, ಮನಸ್ಸಿನ ಏರಿಳಿತದ ರೋಗ ಎಂದು ನಾನು ಹೇಳಿದಾಗ ಆಕೆಯ ಅತ್ತೆ ಗುರುಬಸವ್ವ ನನ್ನ ಮುಖ ನೋಡಿ ನಕ್ಕಿದ್ದರು.

"ಯಾವ ರೋಗವಾ? ಮೈಯಾಗಿನ ಕೊಬ್ಬು ಅದು. ಇಳಿಸಿದ್ರ ಇಳೀತೈತಿ."

ನನ್ನ ಹೊಟ್ಟೆಪಾಡೂ ಕೊಬ್ಬಿನದೇ, ನೋಡಿ. ಹುಬ್ಬಳ್ಳಿಯ ಒಂದು ಪ್ರಯೋಗಾಲಯದಲ್ಲಿ ಮನುಷ್ಯರ ಕೊಬ್ಬಿನ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಸಾಕುವುದು ನನ್ನ ಕೆಲಸ. ಹೆಸರು ಅನ್ನಪೂರ್ಣಾ. ನಾನೋ ಒಣಕಲು ಕಡ್ಡಿ. ಈ ಹೆಸರು, ಈ ಮೈ, ಈ ಕೆಲಸ ಮೂರನ್ನೂ ಸೇರಿಸಿ ನೀಲಾ ಮಾಡಿದಷ್ಟು ಚೇಷ್ಟೆ ಬೇರೆ ಯಾರೂ ಮಾಡಿಲ್ಲ.

ಸಮೋರಿನ್ ಎಂಬ ಹೊಸ ಮಾತ್ರೆ ಬಂದ ಮೇಲೆ ರೋಗವೋ ಕೊಬ್ಬೋ ಎಂಬ ಜಗಳ ನಿಂತಿತು. ಅದಕ್ಕಿಂತ ಮೊದಲು ನೀಲಾಳಿಗೆ ಯಾವ ಔಷಧಿಯೂ ಒಗ್ಗಿರಲಿಲ್ಲ. ಒಂದು ಮಾತ್ರೆ ಕಿಡ್ನಿ ಕೆಡಿಸಿತು, ಇನ್ನೊಂದು ಆಕೆಯನ್ನು ಹಗಲೆಲ್ಲ ಗೋಡೆ ನೋಡುತ್ತ ಕೂರಿಸಿತು. ಒಮ್ಮೆ ಯಾರಿಗೂ ಹೇಳದೆ ಗದಗಿನ ರೈಲು ಹಳಿಯ ಮೇಲೆ ಹೋಗಿ ಕೂತಿದ್ದಳು. ಗ್ಯಾಂಗ್‌ಮನ್ ಒಬ್ಬ ಎಳೆದು ತಂದ. ಅವನಿಗೆ ನಾನು ಇವತ್ತಿಗೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ. ಹೊಸ ಮಾತ್ರೆ ಮಿದುಳಿಗೆ ಹೋಗುವುದೇ ಇಲ್ಲ, ಕೊಬ್ಬಿನ ಕೋಶಕ್ಕೆ ಹೋಗುತ್ತದೆ ಎಂದು ನಾನು ಹೇಳಿದಾಗ ನೀಲಾ ಹೊಲಿಗೆ ಯಂತ್ರ ನಿಲ್ಲಿಸಿ ನನ್ನತ್ತ ತಿರುಗಿದ್ದಳು. ಗದಗಿನಲ್ಲಿ, ಮನೆಯ ಮುಂದಿನ ಕೋಣೆಯಲ್ಲಿ, ಆಕೆ ಹೆಂಗಸರ ಜಂಪರ್ ಹೊಲಿಯುತ್ತಾಳೆ.

"ಹೊಟ್ಟಿ ಕೊಬ್ಬಿಗೂ ತಲಿಗೂ ಏನ ಸಂಬಂಧ ಅಕ್ಕಾ?"

"ನಿನ್ನ ಮುಂದ ಒಂದು ಉದ್ದನ ಅರಿವಿ ಐತಿ ಅನ್ಕೋ. ಬ್ಯಾಡಾದ ತುಂಡು ಕತ್ತರಿಸಿ ಒಗೀತಿ, ಬೇಕಾದ್ದು ಕೂಡಿಸಿ ಹೊಲೀತಿ, ಹೌದಿಲ್ಲೋ? ಕೋಶನೂ ಜೀನಿನ ನಕಲಿಗೆ ಹಂಗ ಮಾಡತೈತಿ. ಕತ್ತರಸ್ತೈತಿ, ಕೂಡಸ್ತೈತಿ. ಒಂದು ತುಂಡು ಇಟ್ಕೊಂಡು ಕೂಡಿಸಿದ್ರ ಉದ್ದನ ಪ್ರೋಟೀನು. ಆ ತುಂಡು ಬಿಟ್ರ ಗಿಡ್ಡಂದು. ಉದ್ದಂದು ರಕ್ತದಾಗ ಹರದು ತಲಿಗೆ ಹೋಗಿ ಸಮಾಧಾನ ಮಾಡತೈತಿ. ಈ ಮಾತ್ರಿ ಕೋಶಕ್ಕ ಹೇಳತೈತಿ, ಆ ತುಂಡು ಬಿಡಬ್ಯಾಡ ಅಂತ."

"ತೋಳಿದ್ದ ಜಂಪರು, ತೋಳಿಲ್ಲದ ಜಂಪರು," ಎಂದಳು ನೀಲಾ. "ಅರಿವಿ ಮಾತ್ರ ಒಂದ."

"ಹಾಂ. ಆದ್ರ ಒಂದು ಮಾತು. ಕೋಶ ದಪ್ಪ ಆಗ್ತಾವ. ನೀನೂ ಆಗ್ತಿ."

"ಆಗಲಿ ಬಿಡು. ದಪ್ಪ ಆದವ್ರು ಯಾರೂ ಹಳಿ ಮ್ಯಾಲ ಹೋಗಿ ಕೂಡಂಗಿಲ್ಲಲ್ಲ?" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ದಪ್ಪ ಆದಳು. ಗುಂಡಗೆ, ಮುದ್ದಾಗಿ, ಎರಡು ಗಲ್ಲದವಳಾದಳು. ಆಗ ಇಡೀ ನಾಡೇ ಹಾಗಿತ್ತು. ಸಮೋರಿನ್ ನುಂಗುವವರು ಊರೂರಲ್ಲಿ ಹೆಚ್ಚಿದರು, ಅವರ ಮೈಯನ್ನು ಜನ ದೂರದಿಂದಲೇ ಗುರುತು ಹಿಡಿಯತೊಡಗಿದರು. ಟೈಲರ್‌ಗಳು 'ಸಮೋರಿನ್ ಅಳತೆಯ ಬಟ್ಟೆ ಹೊಲಿದು ಕೊಡಲಾಗುವುದು' ಎಂದು ಬೋರ್ಡು ಹಾಕಿದರು. ಬಸ್ಸಿನಲ್ಲಿ ಮೂರು ಜನರ ಸೀಟಿನಲ್ಲಿ ಇಬ್ಬರೇ ಕೂತರೆ ಕಂಡಕ್ಟರು ಏನೂ ಅನ್ನದೆ ಮುಂದೆ ಹೋಗುತ್ತಿದ್ದ. ನೀಲಾಳ ಅಂಗಡಿ ಜೋರಾಯಿತು. ಆಕೆ ಹಗಲು ಹೊಲಿದಳು, ರಾತ್ರಿ ಮಲಗಿದಳು, ಗಂಡನ ಜೊತೆ ಸಣ್ಣಪುಟ್ಟದ್ದಕ್ಕೆ ಜಗಳಾಡಿದಳು. ನಮ್ಮ ಮನೆತನಕ್ಕೆ ಅದಕ್ಕಿಂತ ದೊಡ್ಡ ಹಬ್ಬ ಯಾವುದಿದ್ದೀತು?

ಒಂದೇ ಕೊರತೆ, ಮಕ್ಕಳು. ಆಕೆಯ ಮನೋವೈದ್ಯೆ ಡಾಕ್ಟರ್ ಫರ್ಜಾನಾ ಕಿತ್ತೂರ ಅದನ್ನು ಕಡ್ಡಿ ಮುರಿದ ಹಾಗೆ ಹೇಳಿದ್ದರು: ಈ ಮಾತ್ರೆ ನುಂಗುವ ತನಕ ಬಸುರಾಗುವಂತಿಲ್ಲ. ಇದು ಗೊತ್ತಿದ್ದದ್ದು ನೀಲಾಳಿಗೆ, ಆಕೆಯ ಗಂಡ ಚನ್ನವೀರನಿಗೆ ಮತ್ತು ನನಗೆ. ಅತ್ತೆಗೆ ಹೇಳಿರಲಿಲ್ಲ. ಹೇಳಿದ್ದರೆ ಮಾತ್ರೆ ಅವತ್ತೇ ತಿಪ್ಪೆ ಸೇರುತ್ತಿತ್ತು.

ನಮ್ಮಲ್ಲಿ ಕಳ್ಳ ಕುಬುಸ ಅಂತ ಒಂದು ಪದ್ಧತಿ ಇದೆ. ಬಸುರಿಗೆ ಊರೆಲ್ಲ ಕರೆದು ಕುಬುಸ ಮಾಡುವುದಕ್ಕಿಂತ ಮೊದಲು, ಹತ್ತಿರದ ಹೆಂಗಸರು ಗುಟ್ಟಾಗಿ ಬಂದು ಹಸಿರು ಖಣದ ಕುಬುಸ ತೊಡಿಸಿ, ಹಸಿರು ಬಳೆ ಇಡಿಸಿ, ಬಯಕೆಯ ಬುತ್ತಿ ಉಣಿಸಿ ಹೋಗುತ್ತಾರೆ. ಕಣ್ಣುದೃಷ್ಟಿಗೆ ಹೆದರಿ ಮಾಡುವ ಗುಟ್ಟು ಅದು. ಗುಟ್ಟಾದ್ದರಿಂದ ಯಾರೂ ಯಾರನ್ನೂ ಮೊದಲು ಕೇಳುವುದಿಲ್ಲ. ಅಲ್ಲೇ ಎಡವಟ್ಟಾದದ್ದು. ಚನ್ನವೀರನ ಸೋದರತ್ತೆ ಕಾಶವ್ವ ಒಂದು ಮದುವೆಯಲ್ಲಿ ನೀಲಾಳನ್ನು ಹಿಂದಿನಿಂದ ನೋಡಿದರು, ಮುಂದಿನಿಂದ ನೋಡಿದರು, ಬಾಯಿಬಿಡದೆ ತಮ್ಮೂರು ರೋಣಕ್ಕೆ ವಾಪಸು ಹೋದರು. ಮುಂದಿನ ವಾರ ಮಧ್ಯಾಹ್ನ ಐದಾರು ಹೆಂಗಸರನ್ನು ಕಟ್ಟಿಕೊಂಡು ಬಂದೇ ಬಿಟ್ಟರು.

ಅವತ್ತು ನಾನು ಅಲ್ಲೇ ಇದ್ದೆ. ಬುಟ್ಟಿಯಲ್ಲಿ ಹೋಳಿಗೆ, ಕರಿಗಡಬು, ಮೊಸರನ್ನದ ಬುತ್ತಿ. ಮೇಲೆ ಹಸಿರು ಖಣ. ನೀಲಾ ಗಿರಾಕಿ ಬಂದರೆಂದು ಅಳತೆ ಟೇಪು ಕೊರಳಿಗೆ ಹಾಕಿಕೊಂಡೇ ಎದ್ದು ಬಂದಳು.

"ನಮ್ಮಿಂದ ಮುಚ್ಚಿಟ್ಟೀ ಏನವಾ ಕಳ್ಳಿ!" ಎಂದು ಕಾಶವ್ವ ಆಕೆಯ ಹೊಟ್ಟೆ ಸವರಿದರು. "ಐದರಾಗ ಬಿದ್ದೈತಿ, ಹೌದಿಲ್ಲ?"

ನೀಲಾ ಹಿಂದೆ ಸರಿದಳು. ನಾನು ಬಾಯಿ ತೆಗೆಯುವಷ್ಟರಲ್ಲಿ ಗುರುಬಸವ್ವ ಒಳಗಿನಿಂದ ಬಂದರು. ಅವರ ಕಣ್ಣು ಒಮ್ಮೆ ಅರಳಿತು. ಆ ಮುದುಕಿಯ ಮುಖದಲ್ಲಿ ಅಂಥ ಸಂತೋಷವನ್ನು ನಾನು ಎಂದೂ ನೋಡಿರಲಿಲ್ಲ. ಆಮೇಲೆ ಸೊಸೆಯ ಮುಖ ನೋಡಿದರು, ತಿಳಿಯಿತು.

"ಎದ್ದು ಹೋಗ್ರೆವಾ. ಬಸುರೂ ಇಲ್ಲ, ಗಿಸುರೂ ಇಲ್ಲ. ಬರೇ ಕೊಬ್ಬು," ಎಂದರು.

ಯಾರೋ ಕಿಸಕ್ಕನೆ ನಕ್ಕರು. ಬೇಕಂತ ನಕ್ಕಿದ್ದಲ್ಲ, ಮುಜುಗರಕ್ಕೆ ಬಂದ ನಗು. ಕಾಶವ್ವ ಪಾಪ ಅಳುತ್ತಲೇ ಬುಟ್ಟಿ ಎತ್ತಿಕೊಂಡರು. ನೀಲಾ ಮಾತ್ರ ಅಳಲಿಲ್ಲ. "ಇಳಸ್ತೀನ್ರಿ ಅತ್ತಿ," ಎಂದಳು, "ಕೊಬ್ಬು ಇಳಸ್ತೀನಿ."

ಅವಳನ್ನು ಕೂರಿಸಿಕೊಂಡು ಬೈದೆ, ಮುದ್ದು ಮಾಡಿದೆ, ಗುರುಬಸವ್ವನಿಗೂ ಸರಿಯಾಗಿ ಕೊಟ್ಟೆ. ತೂಕ ಇಳಿಸಿದರೆ ಏನಾಗುತ್ತದೆಂದು ಆಗ ನಮಗ್ಯಾರಿಗೂ ಗೊತ್ತಿರಲಿಲ್ಲ. ಮಾತ್ರೆ ತಪ್ಪಿಸಬೇಡ ಎಂದಷ್ಟೇ ಹೇಳಿದೆ. ಅವಳು ಮಾತ್ರೆ ತಪ್ಪಿಸಲಿಲ್ಲ. ಅನ್ನ ತಪ್ಪಿಸಿದಳು.

ಸೋಮವಾರ ಒಪ್ಪತ್ತು, ಗುರುವಾರ ಒಪ್ಪತ್ತು ಎಂದು ಶುರುವಾಯಿತು. ಕೊನೆಗೆ ದಿನಾ ಒಪ್ಪತ್ತು. ದೇವರ ಹೆಸರಿನಲ್ಲಿ ಹಸಿದವಳನ್ನು ನಮ್ಮಲ್ಲಿ ಯಾರು ತಡೆಯುತ್ತಾರೆ? ಗುರುಬಸವ್ವ ಓಣಿಯಲ್ಲೆಲ್ಲ ಸೊಸೆಯ ಭಕ್ತಿ ಹೊಗಳಿದರು. ಫೋನಿನಲ್ಲಿ ನನಗೆ ಅವಳ ದನಿ ಲವಲವಿಕೆಯಿಂದ ಕೇಳಿಸುತ್ತಿತ್ತು, ನಾನೂ ಹಿಗ್ಗಿದೆ. ಯುಗಾದಿಗೆ ಹೋದಾಗ ಅವಳನ್ನು ನೋಡಿ ಬಾಗಿಲಲ್ಲೇ ನಿಂತೆ. ಕೊರಳ ಎಲುಬುಗಳು ಎದ್ದಿದ್ದವು. ತನ್ನ ಜಂಪರ್‌ಗಳನ್ನೆಲ್ಲ ತಾನೇ ಒಳಗೆ ಹಿಡಿದು ಹಿಡಿದು, ಹೊಲಿಗೆಯ ಮೇಲೆ ಹೊಲಿಗೆ ಹಾಕಿಕೊಂಡಿದ್ದಳು.

"ಹೆಂಗದೀನಿ?" ಎಂದು ಗಿರ್ರನೆ ತಿರುಗಿದಳು. ಕಣ್ಣು ಥಳಥಳ. ಆ ಥಳಥಳ ನನಗೆ ಗೊತ್ತಿತ್ತು.

ಅವತ್ತೇ ಫರ್ಜಾನಾ ಹತ್ತಿರ ಕರೆದುಕೊಂಡು ಹೋಗುತ್ತೇನೆಂದೆ. ಗಿರಾಕಿಗಳ ಮದುವೆಯ ಬಟ್ಟೆ ಕೊಡುವುದಿದೆ, ನಾಲ್ಕು ದಿನ ಬಿಟ್ಟು ಬರುತ್ತೇನೆ ಎಂದಳು. ನಾಲ್ಕು ದಿನ ಆಗಲಿಲ್ಲ. ಚನ್ನವೀರನ ಫೋನು ಬಂತು. ಅವನು ಮೋಟಾರು ಕಾಯಿಲ್ ಕಟ್ಟುವವನು, ಮಾತು ಕಡಿಮೆ. "ಅಕ್ಕಾರ, ಲಗೂನ ಬರ್ರಿ," ಎಂದಷ್ಟೇ ಹೇಳಿದ.

ಅಂಗಡಿಯ ನೆಲ ಕಾಣುತ್ತಿರಲಿಲ್ಲ. ಗಿರಾಕಿಗಳ ಸೀರೆ, ಖಣ, ರೇಷ್ಮೆ, ಅಳತೆಗೆ ಕೊಟ್ಟ ಹಳೆಯ ಜಂಪರು ಎಲ್ಲವನ್ನೂ ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಒಂದಕ್ಕೊಂದು ಹೊಲಿಯುತ್ತಿದ್ದಳು. ಯಂತ್ರದಿಂದ ಇಳಿದ ಪಟ್ಟಿ ಹೊಸ್ತಿಲು ದಾಟಿ ಅಂಗಳಕ್ಕೆ ಹೋಗಿತ್ತು. ಬೆರಳಿಗೆ ಸೂಜಿ ಹೊಕ್ಕು ರಕ್ತ ಸೋರುತ್ತಿದ್ದರೂ ಕಾಲು ನಿಂತಿರಲಿಲ್ಲ.

"ಎಲ್ಲಾರ್ದೂ ಕೂಡಸಾಕತ್ತೀನಿ ಅಕ್ಕಾ. ಒಂದ ಒಂದು ತುಂಡೂ ಬಿಡಂಗಿಲ್ಲ," ಎಂದಳು. ಹೀಗೆಂದು ಜೋರಾಗಿ ನಕ್ಕಳು, ನಗುತ್ತಲೇ ಅತ್ತಳು. "ನನ್ನ ಹಳಿ ಮ್ಯಾಲ ಬಿಟ್ಟು ಬಾ. ಇದು ನಿಲ್ಲವಲ್ದು, ತಲ್ಯಾಗ ನಿಲ್ಲವಲ್ದು."

ನಾನು ಯಂತ್ರದ ಪಟ್ಟಾ ಕಿತ್ತೆಸೆದೆ. ಚನ್ನವೀರನೂ ನಾನೂ ಹಿಡಿದು ಕಾರಿಗೆ ಹಾಕಿದೆವು. ಎತ್ತಿದಾಗ ಅವಳ ಮೈಯಲ್ಲಿ ಭಾರವೇ ಇರಲಿಲ್ಲ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಫರ್ಜಾನಾ ಯಾವ ಡಾಕ್ಟರಾದರೂ ಮಾಡುವುದನ್ನೇ ಮಾಡಿದರು. ಸಮೋರಿನ್ ಜಾಸ್ತಿ ಮಾಡಿದರು. ನೀಲಾ ಇನ್ನೂ ಕೆಟ್ಟಳು. ಮತ್ತೆ ಹೆಚ್ಚಿಸಿದರು, ಮತ್ತೂ ಕೆಟ್ಟಳು. ಕೈಕಾಲು ಕಟ್ಟಿ ಮಲಗಿಸುವ ಹಾಗಾಯಿತು. ಫರ್ಜಾನಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನನ್ನ ಮುಂದೆ ಕೂತರು. "ನಂಗ ತಿಳೀವಲ್ದು ಅನ್ನಪೂರ್ಣಾ. ಮಾತ್ರಿ ಹೊಟ್ಟ್ಯಾಗ ಐತಿ, ರಕ್ತದಾಗ ಐತಿ. ಕೆಲಸ ಯಾಕ ಮಾಡವಲ್ದು?"

"ಕೊಬ್ಬು ಕೊಡ್ರಿ," ಎಂದೆ. "ಆಕಿ ಹೊಟ್ಟಿದು. ಒಂದು ಸೂಜಿಯಷ್ಟು."

ಸೂಜಿಗೂ ಸಿಗುವುದು ಕಷ್ಟವಾಯಿತು. ಸಿಕ್ಕಿದ್ದನ್ನು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟುಕೊಂಡು ಪ್ರಯೋಗಾಲಯಕ್ಕೆ ಓಡಿದೆ. ಕೋಶ ಒಡೆದು, ಜೀನಿನ ನಕಲು ತೆಗೆದು, ಜೆಲ್ಲಿನಲ್ಲಿ ಓಡಿಸಿದೆ. ಜೆಲ್ ಅಂದರೆ ಲೋಳೆಯ ತೆಳು ಹಾಳೆ. ಕರೆಂಟು ಕೊಟ್ಟರೆ ಅದರಲ್ಲಿ ಗಿಡ್ಡ ತುಂಡು ಬೇಗ ಓಡಿ ಕೆಳಗೆ ಹೋಗುತ್ತದೆ, ಉದ್ದನೆಯದು ಮೇಲೆಯೇ ನಿಲ್ಲುತ್ತದೆ. ದೀಪ ಹಾಕಿದರೆ ಬಿಳಿ ಗೆರೆಗಳು ಕಾಣುತ್ತವೆ. ಸಮೋರಿನ್ ನುಂಗುವವರಿಗೆಲ್ಲ ಗೆರೆ ಮೇಲಿರಬೇಕು. ನೀಲಾಳದು ತಳದಲ್ಲಿತ್ತು. ಮೇಲೆ ಏನೇನೂ ಇರಲಿಲ್ಲ.

ಅಲ್ಲಿಗೇ ಬಿಡಲಿಲ್ಲ. ತಟ್ಟೆಯ ಕೋಶಗಳನ್ನು ತೆಗೆದುಕೊಂಡು ಅರ್ಧಕ್ಕೆ ಹೊಟ್ಟೆ ತುಂಬ ಆಹಾರ ಕೊಟ್ಟೆ, ಅರ್ಧವನ್ನು ಉಪವಾಸ ಕೆಡವಿದೆ, ಎರಡಕ್ಕೂ ಒಂದೇ ಮಾತ್ರೆ ಹಾಕಿದೆ. ಉಂಡ ಕೋಶ ಆ ತುಂಡನ್ನು ಇಟ್ಟುಕೊಂಡಿತು. ಹಸಿದ ಕೋಶ ಅದೇ ಮಾತ್ರೆಗೆ ಅದನ್ನು ಕತ್ತರಿಸಿ ಬಿಸಾಕಿತು. ಆಗ ಹುಟ್ಟುವ ಗಿಡ್ಡ ಪ್ರೋಟೀನು ಸಮಾಧಾನ ಮಾಡುವುದಿಲ್ಲ, ಕೆರಳಿಸುತ್ತದೆ. ಅಂದರೆ ಇಷ್ಟು ದಿನ ನಾವು ನೀಲಾಳಿಗೆ ಹೆಚ್ಚೆಚ್ಚು ಕೊಟ್ಟದ್ದು ವಿಷ. ಅವಳು ದ್ವೇಷಿಸಿ ಕರಗಿಸಿದ್ದು ಅವಳ ಸಮಾಧಾನವನ್ನೇ. ಲ್ಯಾಬಿನಲ್ಲಿ ಯಾರಿದ್ದಾರೆಂದೂ ನೋಡದೆ ಹೋ ಎಂದು ಅತ್ತೆ. ನಂತರ ಫರ್ಜಾನಾಗೆ ಫೋನು ಮಾಡಿ ಮಾತ್ರೆ ನಿಲ್ಲಿಸಿ ಅಂದೆ. ಉಪವಾಸ ಮಾಡುವ ಬೇರೆ ರೋಗಿಗಳಿಗೆಲ್ಲ ಅವರು ಅವತ್ತೇ ಫೋನು ಹಚ್ಚಿದರು.

ದಾರಿ ಒಂದೇ ಉಳಿಯಿತು. ಮೊದಲು ಉಣ್ಣಿಸಬೇಕು, ಕೋಶ ತುಂಬಬೇಕು, ಆಮೇಲೆ ಮಾತ್ರೆ ಸ್ವಲ್ಪ ಸ್ವಲ್ಪ ಶುರು ಮಾಡಬೇಕು. ಗೆರೆ ಮೇಲೇರಬೇಕು. ಆದರೆ ತಟ್ಟೆಯಲ್ಲಿ ನಾನು ನೋಡಿದ್ದು ಇನ್ನೊಂದೂ ಇತ್ತು. ಬಹಳ ಕಾಲ ಹಸಿದ ಕೋಶಗಳಿಗೆ ಮತ್ತೆ ಆಹಾರ ಕೊಟ್ಟಾಗ ಕೆಲವು ಹಳೆಯ ರೀತಿಗೆ ಮರಳಿದವು. ಕೆಲವು ದಪ್ಪವಾದವೇ ಹೊರತು ಕತ್ತರಿಸುವುದನ್ನು ಬಿಡಲೇ ಇಲ್ಲ. ಯಾವುದು ಮರಳುತ್ತದೆ, ಯಾವುದು ಇಲ್ಲ, ಹೇಳಲು ಬರುತ್ತಿರಲಿಲ್ಲ. ಫರ್ಜಾನಾಗೆ ಮಾತ್ರ ಹೇಳಿದೆ. ಅವರು ನನ್ನ ಕೈ ಹಿಡಿದು, "ಆಕಿ ಉಣ್ಣಲಿ ಮೊದಲ," ಎಂದರು.

ಮಾತ್ರೆ ನಿಂತ ಮೇಲೆ ನೀಲಾಳ ಕೆರಳುವಿಕೆ ಇಳಿಯಿತು. ಬದಲಿಗೆ ಕತ್ತಲೆ ಬಂತು. ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಮೂಗಿಗೆ ನಳಿಕೆ ಹಾಕಿದರೆ ಕಿತ್ತೆಸೆದಳು. ತುಟಿಗೆ ಚಮಚ ತಂದರೆ ಹಲ್ಲು ಕಚ್ಚಿದಳು.

ಗುರುಬಸವ್ವ ಹಾಲು ಸಜ್ಜಕ ಮಾಡಿಕೊಂಡು ಬಸ್ಸಿನಲ್ಲಿ ಬಂದರು. ಮಂಚದ ಕೆಳಗೆ ಕೂತು ಸೊಸೆಯ ಕಾಲು ಹಿಡಿದರು. "ನನ್ನ ನಾಲಿಗಿ ಸೇದಿ ಹೋಗ್ಲೆವಾ. ಕೊಬ್ಬು ಅಂದೆ. ಅಂದ ಬಾಯಿಗೆ ಮಣ್ಣ ಹಾಕು. ಒಂದು ತುತ್ತು ತಿನ್ನು ನನ್ನವ್ವ."

ನೀಲಾ ಮೆಲ್ಲಗೆ ತಿರುಗಿದಳು. ಅತ್ತೆಯನ್ನಲ್ಲ, ನನ್ನನ್ನು ನೋಡಿದಳು.

"ಕೊಬ್ಬು ಇಳೀತಲ್ಲ ಅಕ್ಕಾ. ಈಗ್ಯಾಕ ಎಲ್ಲಾರೂ ಅಳ್ತೀರಿ?"

ಹೊರಗೆ ವರಾಂಡದಲ್ಲಿ ಚನ್ನವೀರ ಗೋಡೆಗೆ ಒರಗಿ ನಿಂತಿದ್ದ. "ಆಕಿ ತೆಳ್ಳಗಾದಾಗ ನಾನೂ ಖುಷಿ ಪಟ್ಟೆ ಅಕ್ಕಾರ," ಎಂದ. "ಫೋಟೋ ತಗದು ಎಲ್ಲಾರಿಗೂ ಕಳಿಸಿದೆ. ಚೊಲೋ ಕಾಣ್ತಿ, ಇನ್ನೂ ಸ್ವಲ್ಪ ಇಳಸು ಅಂದೆ." ಅವನನ್ನು ಯಾವ ಬಾಯಿಂದ ಬೈಯಲಿ? ಫೋನಿನಲ್ಲಿ ಹಿಗ್ಗಿದವಳು ನಾನೂ ತಾನೆ.

ಬೇಡಿ ಬೇಡಿ ಸಾಕಾಗಿ, ಒಂದು ದಿನ ನಾನು ಬೇಡುವುದನ್ನು ಬಿಟ್ಟೆ. ಮಂಚದ ಮೇಲೆ ಹತ್ತಿ ಕೂತು ಎಲ್ಲವನ್ನೂ ಹೇಳಿದೆ. ತುಂಡು, ಕತ್ತರಿ, ಮೇಲಿನ ಗೆರೆ, ಕೆಳಗಿನ ಗೆರೆ. ಅವಳು ಹುಚ್ಚಿಯಲ್ಲ, ಕೊಬ್ಬಿದವಳೂ ಅಲ್ಲ, ಕೋಶಗಳು ಹಸಿದಿವೆ ಅಷ್ಟೇ ಎಂದೆ. ಕೇಳುತ್ತಿದ್ದಾಳೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಗೋಡೆಯ ಕಡೆಯಿಂದ ದನಿ ಬಂತು.

"ತಿಂದ್ರ ಗೆರಿ ಮ್ಯಾಲ ಬರತೈತಿ?"

"ಬರತೈತಿ."

"ಬರಲಿಲ್ಲಂದ್ರ?"

"ಬರತೈತಿ ಅಂದ್ನೆಲ್ಲ."

"ಒಂದು ತಿಂಗಳ ತಿಂತೀನಿ. ನಿನ್ನ ಸಲುವಾಗಿ. ಬರಲಿಲ್ಲಂದ್ರ ನನ್ನ ತಡೀಬ್ಯಾಡ, ಅಕ್ಕಾ. ಆಣಿ ಮಾಡು."

ನಾನು ಆಣೆ ಮಾಡಲಿಲ್ಲ. ಚಮಚ ಎತ್ತಿದೆ. ಅವಳು ಬಾಯಿ ತೆರೆದಳು.

ಆ ತಿಂಗಳೆಲ್ಲ ಒಂದೊಂದು ತುತ್ತೂ ಅವಳಿಗೆ ಮುಳ್ಳು. ನುಂಗುವಳು, ವಾಂತಿ ಮಾಡುವಳು, ಬಾಯಿ ತೊಳೆದುಕೊಂಡು ಮತ್ತೆ ತಟ್ಟೆಯ ಮುಂದೆ ಕೂರುವಳು. ಆಸ್ಪತ್ರೆಯಿಂದ ನನ್ನ ಮನೆಗೆ ಕರೆತಂದೆ. ಅಡುಗೆ ಬಾರದ ನಾನು ರೊಟ್ಟಿ ತಟ್ಟಲು ಕೂತರೆ ಅದು ಅಂಚು ಹರಿದು ಭೂಪಟವಾಗುತ್ತಿತ್ತು. ಅದನ್ನು ಕಂಡಾದರೂ ನಗಲಿ ಎಂದು ಕಾದೆ. ನಗಲಿಲ್ಲ. ಆದರೆ ತಿಂದಳು. ಎಣ್ಣೆಗಾಯಿ, ಬೆಣ್ಣೆ, ಶೇಂಗಾ ಹಿಂಡಿ, ಬಡಿಸಿದ್ದನ್ನೆಲ್ಲ ಕಣ್ಣುಮುಚ್ಚಿ ತಿಂದಳು. ಕೆನ್ನೆಯ ಗುಳಿ ತುಂಬುತ್ತ ಬಂತು. ಫರ್ಜಾನಾ ಚಿಟಿಕೆಯಷ್ಟು ಮಾತ್ರೆ ಶುರು ಮಾಡಿದರು. ತಿಂಗಳ ಕೊನೆಗೆ ಅವರು ಮನೆಗೇ ಬಂದು ಮತ್ತೆ ಸೂಜಿ ಹಾಕಿದಾಗ ಕೊಬ್ಬು ಸುಲಭವಾಗಿ ಬಂತು. ನಾನು ಅದನ್ನು ಹಿಡಿದುಕೊಂಡು ಲ್ಯಾಬಿಗೆ ಹೋಗುವಾಗ ನೀಲಾ ಗೇಟಿನ ತನಕ ಬಂದು ನಿಂತಳು. "ನೋಡ್ಕೊಂಡು ಸೀದಾ ಬಾ," ಎಂದಳು.

ಜೆಲ್ ಓಡಿಸಿದೆ. ದೀಪ ಹಾಕಿದೆ. ಗೆರೆ ತಳದಲ್ಲಿತ್ತು.

ಕೈತಪ್ಪಿದೆ ಎಂದುಕೊಂಡು ಮತ್ತೆ ಮಾಡಿದೆ. ತಳದಲ್ಲೇ. ಮೇಲಿನ ಜಾಗದಲ್ಲಿ ಕಣ್ಣು ಕಿರಿದು ಮಾಡಿ ಹುಡುಕಿದೆ, ಬೆಳಕು ಹೆಚ್ಚಿಸಿ ಹುಡುಕಿದೆ. ಮಸುಕಾಗಿಯಾದರೂ ಏನಾದರೂ ಇದ್ದೀತೆಂದು ಗಾಜಿಗೆ ಹಣೆ ಹಚ್ಚಿ ನೋಡಿದೆ. ಕಪ್ಪು, ಬರೀ ಕಪ್ಪು. ಫರ್ಜಾನಾಗೆ ಫೋನು ಮಾಡಿದರೆ ಅವರು ಎರಡೆರಡು ಸಲ ಕೇಳಿ ಖಚಿತ ಮಾಡಿಕೊಂಡರು. ಆಮೇಲೆ, "ಮಾತ್ರಿ ಇವತ್ತ ನಿಲ್ಲಸೂಣು. ಇನ್ನೂ ತಿಂದ್ರ ಮುಂದ ಬರಬಹುದು. ಬರದನೂ ಇರಬಹುದು," ಎಂದರು. "ಆಕಿ ಬಿಟ್ಲು ಅಂದ್ರ ಮಾತ್ರ ಮುಗೀತು, ಅನ್ನಪೂರ್ಣಾ."

ನನ್ನ ಇಡೀ ನೌಕರಿಯಲ್ಲಿ ಇಲ್ಲದ ಗೆರೆಯನ್ನು ಇದೆ ಎಂದು ನಾನು ಬರೆದವಳಲ್ಲ. ಹಾಗೆ ಬರೆದ ಒಬ್ಬ ಸಹೋದ್ಯೋಗಿಯ ಮುಖಕ್ಕೆ ಉಗಿಯುವುದೊಂದು ಬಾಕಿ ಇಟ್ಟಿದ್ದೆ. ಆಟೋದಲ್ಲಿ ಕೂತು ಮನೆ ತಲುಪುವ ತನಕ ಏನು ಹೇಳಬೇಕೆಂದು ತಿಳಿದಿರಲಿಲ್ಲ. ಗೇಟಿನಲ್ಲಿ ನೀಲಾ ಇನ್ನೂ ನಿಂತೇ ಇದ್ದಳು. ಬಿಸಿಲಿಗೆ ಮುಖ ಕೆಂಪಾಗಿತ್ತು.

"ಏನ್ ಬಂತು?"

"ಬಂತು," ಎಂದೆ.

"ಖರೇನ?"

"ಖರೇನ. ಮ್ಯಾಲ ಬಂದೈತಿ."

ಅವಳು ನನ್ನ ಮುಖವನ್ನೇ ನೋಡಿದಳು. ಚಿಕ್ಕಂದಿನಿಂದ ನನ್ನ ಮುಖ ಓದಿದವಳು ಅವಳು. "ಫೋಟೋ ತೋರಸು," ಎಂದಳು.

ಫೋನು ತೆಗೆದೆ. ಬೇರೆ ಯಾರದೋ ರೋಗಿಯ ಜೆಲ್ಲಿನ ಫೋಟೋ ಹುಡುಕಿ ತೆರೆದೆ. ಉದ್ದ ಗೆರೆ, ಬೆಳ್ಳಗೆ, ದಪ್ಪಗೆ, ಎಲ್ಲಿರಬೇಕೋ ಅಲ್ಲಿ. ಫೋನನ್ನು ಅವಳ ಕಣ್ಣ ಮುಂದೆ ಹಿಡಿದೆ.

"ಇದು ನಂದಾ?"

"ಮತ್ತ ಯಾರ್ದು? ನಂದಾ? ನಿಂದ."

ನೀಲಾ ಪರದೆಯ ಮೇಲಿನ ಆ ಬಿಳಿ ಗೆರೆಯನ್ನು ಬೆರಳಿನಿಂದ ಮುಟ್ಟಿದಳು. ಆಮೇಲೆ ತನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಎಷ್ಟೋ ತಿಂಗಳ ಮೇಲೆ ಮೊದಲ ಸಲ ಅವಳ ತುಟಿ ಬಿರಿಯಿತು.

"ಹಸಿವಿ ಆಗೈತಿ ಅಕ್ಕಾ," ಎಂದಳು. "ಬೆಳಿಗ್ಗಿಂದ ಇಲ್ಲೇ ನಿಂತೀನಿ. ಊಟಕ್ಕ ಹಾಕು."

ಒಳಗೆ ಹೋಗಿ ಹಂಚು ಇಟ್ಟೆ. ಹಿಟ್ಟು ನಾದುವಾಗ ಕಣ್ಣೀರು ಅದರಲ್ಲೇ ಬೀಳುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಹೊರಗೆ ಅವಳು ಫೋನಿನಲ್ಲಿ ಗಂಡನಿಗೆ ಹೇಳುತ್ತಿದ್ದದ್ದು ಕೇಳಿಸುತ್ತಿತ್ತು: "ಬಂತಂತ್ರಿ, ನಂದು ಬಂತಂತ. ನಾನ ಕಣ್ಣಾರೆ ನೋಡಿದೆ." ಮೊದಲನೆಯ ರೊಟ್ಟಿ ಬೆಣ್ಣೆ ಹಚ್ಚಿ ಕೊಟ್ಟೆ. ತಿಂದು ಮುಗಿಸಿ ತಟ್ಟೆ ಮುಂದೆ ಚಾಚಿದಳು. ನಾನು ಇನ್ನೊಂದು ತಟ್ಟಲು ಕೂತೆ.